ಬಿಯರ್ ಹಳೆಯದಾದಷ್ಟೂ ರುಚಿ ಏರುತ್ತದೆಯೇ? ಹಗೇವಿನಲ್ಲಿ ಇಡಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಣ್ಣ ಕಂಪನಿ ಕೆಲಸಕ್ಕ ಬೆಲ್ಜಿಯಂಗೆ ಹೋಗಿದ್ದಾಂವ ಬರೂಮುಂದ ಆರು ಬಾಟ್ಲಿ ಬಿಯರ್ ತಂದಾನ. ಮೂರು ಶಿಮೆ ಬ್ಲೂ, ಎರಡು ರೋಶ್‌ಫೋರ್ 10, ಒಂದು ಓರ್ವಾಲ್. ಎಲ್ಲಾ 330 ಎಂಎಲ್ ಬಾಟ್ಲಿ. "ಈಗ ಕುಡೀಬ್ಯಾಡ, ಐದು ವರ್ಷ ಇಟ್ರ ವೈನ್ ಇದ್ದಂಗ ಆಗ್ತದ" ಅಂತ ಹೇಳ್ಯಾನ. ನಮ್ಮದು ಹುಬ್ಬಳ್ಳಿ ವಿದ್ಯಾನಗರದಾಗ ಮ್ಯಾಲಿನ ಮಹಡಿ ಮನಿ, ಬ್ಯಾಸಗ್ಯಾಗ ಭಾಳ ಕಾಯ್ತದ. ನವಲಗುಂದ ಹತ್ರ ನಮ್ಮ ಹಳೇ ಮನ್ಯಾಗ ಒಂದು ಹಗೇವು ಐತಿ, ಈಗ ಜ್ವಾಳ ಹಾಕೂದಿಲ್ಲ, ಖಾಲಿ ಐತಿ. ಅದರಾಗ ಇಡಬಹುದೇನು? ಮತ್ತ ನನ್ನ ಗೆಳೆಯ, ಇಲ್ಲೇ ವೈನ್‌ಶಾಪ್‌ನ್ಯಾಗ ಸ್ಟ್ರಾಂಗ್ ಬಿಯರ್ ಒಂದು ಕೇಸ್ ತಗೊಂಡು ಇಟ್ಟುಬಿಡೂಣು, ವರ್ಷ ಕಳದಂಗ ಕಿಕ್ ಏರ್ತದ ಅಂತಾನ. ಇದು ಖರೇನಾ? ಹೋದ ವರ್ಷದ್ದು ಎರಡು ಬಾಟ್ಲಿ ಕಪಾಟಿನ್ಯಾಗ ಸಿಕ್ಕಾವು, ಡೇಟ್ ಮುಗದೈತಿ. ಅವನ್ನ ಕುಡದ್ರ ಏನರ ಆಗ್ತದೇನು?

ಉತ್ತರ: ಮೊದಲು ಹಗೇವಿನ, ಅಂದರೆ ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿಯ ವಿಷಯ ಮುಗಿಸೋಣ. ಬೇಡ. ಅದಕ್ಕೆ ಎರಡು ಕಾರಣಗಳಿವೆ, ಒಂದು ಜೀವಕ್ಕೆ ಸಂಬಂಧಿಸಿದ್ದು. ಬಹಳ ದಿನ ಬಾಯಿ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ, ವಾಸನೆಯೂ ಇಲ್ಲ. ಇಳಿದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ, ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ದೀಪ ಇಳಿಬಿಟ್ಟಾಗ ಆರಲಿಲ್ಲ ಎಂಬುದು ಪೂರ್ತಿ ಭರವಸೆಯಲ್ಲ. ಆರು ಬಾಟಲಿಗಾಗಿ ಯಾರೂ ಅದರೊಳಗೆ ಇಳಿಯಬಾರದು.

ಎರಡನೆಯ ಕಾರಣ ಉಷ್ಣತೆ. ನೆಲದೊಳಗೆ ತಂಪು ಇರುತ್ತದೆ ಎಂಬ ನಂಬಿಕೆ ಬೇಸಿಗೆಯ ಮಧ್ಯಾಹ್ನದ ಮಟ್ಟಿಗೆ ನಿಜ. ಆದರೆ ಆಳದ ಮಣ್ಣಿನ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರ ನಿಂತಿರುತ್ತದೆ. ಬೆಲ್ಜಿಯಂನಲ್ಲಿ ಆ ಸರಾಸರಿ ಸುಮಾರು 10–11 ಡಿಗ್ರಿ. ಹಾಗಾಗಿ ಅಲ್ಲಿ ಯಾವ ಯಂತ್ರವೂ ಇಲ್ಲದೆ ನೆಲಮಾಳಿಗೆಯೇ ಬಿಯರ್‌ಗೆ ಹೇಳಿ ಮಾಡಿಸಿದ ಜಾಗ. ನಮ್ಮ ಧಾರವಾಡ ಜಿಲ್ಲೆಯಲ್ಲಿ ವರ್ಷದ ಸರಾಸರಿ ಸುಮಾರು 25 ಡಿಗ್ರಿ. ಹಗೇವು ಕೊಡುವುದೂ ಅಷ್ಟನ್ನೇ. ಜೋಳ ಕೆಡದಂತೆ ಇಡಲು ಅದು ಸಾಕು, ಬಿಯರ್ ಹದವಾಗಿ ಮಾಗಲು ಸಾಲದು. ಮೇಲೆ ತೇವಕ್ಕೆ ಮುಚ್ಚಳಗಳು ತುಕ್ಕು ಹಿಡಿಯುತ್ತವೆ.

ಈಗ ಮುಖ್ಯ ಪ್ರಶ್ನೆ. ಅಣ್ಣ ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ಅದು ತಣ್ಣನೆಯ ದೇಶದ ಸತ್ಯ. ಗೆಳೆಯ ಹೇಳಿದ್ದು ಪೂರ್ತಿ ತಪ್ಪು.

ಬಿಯರ್ ಮಾಗುವುದು ಎಂದರೆ ಬಹುಪಾಲು ನಿಧಾನವಾಗಿ ಆಕ್ಸಿಜನ್ ತಗುಲಿ ಬದಲಾಗುವುದು. ಬಾಟಲಿ ತುಂಬುವಾಗ ಎಷ್ಟೇ ಎಚ್ಚರ ವಹಿಸಿದರೂ ಸ್ವಲ್ಪ ಆಕ್ಸಿಜನ್ ಒಳಗೆ ಉಳಿಯುತ್ತದೆ. ಮುಚ್ಚಳದ ಒಳಪದರದ ಮೂಲಕ ವರ್ಷಗಟ್ಟಲೆ ಮತ್ತಷ್ಟು ನುಸುಳುತ್ತದೆ. ಇದರ ಜೊತೆಗೆ ಆಕ್ಸಿಜನ್ ಬೇಡದ ಬದಲಾವಣೆಗಳೂ ನಡೆದಿರುತ್ತವೆ. ಹಾಪ್ಸ್ ಹೂವಿನ ಕಹಿ ಕರಗುತ್ತದೆ, ಅದರ ಪರಿಮಳ ಅದಕ್ಕಿಂತ ಮೊದಲೇ ಹೋಗುತ್ತದೆ. ಕಹಿ ಇಳಿದಂತೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ಮುಂದೆ ಬರುತ್ತದೆ. ತಾಜಾ ಬಿಯರಿನ ಬಾಳೆಹಣ್ಣಿನ ವಾಸನೆ ಇಳಿಯುತ್ತದೆ, ಜೇನು, ಒಣದ್ರಾಕ್ಷಿ, ಖರ್ಜೂರದ ವಾಸನೆ ಏಳುತ್ತದೆ. ತಿಳಿ ಬಣ್ಣದ ಬಿಯರಿನಲ್ಲಿ ಇವೆಲ್ಲದರ ಜೊತೆಗೆ ಟ್ರಾನ್ಸ್-2-ನೊನೆನಾಲ್ ಎಂಬ ವಸ್ತುವೂ ಕಾಣಿಸಿಕೊಳ್ಳುತ್ತದೆ. ಲೀಟರಿಗೆ 0.1 ಮೈಕ್ರೋಗ್ರಾಂ ಇದ್ದರೂ ನಾಲಿಗೆ ಅದನ್ನು ಹಿಡಿಯಬಲ್ಲದು. ರುಚಿ ಹೇಗೆಂದರೆ ಒದ್ದೆಯಾದ ರಟ್ಟು. ಬಿಯರ್ ಹಳಸಿದೆ ಎಂದು ನಮ್ಮವರು ಹೇಳುವಾಗ ಹೆಚ್ಚಿನ ಸಲ ಸಿಕ್ಕಿರುವುದು ಇದೇ ರುಚಿ.

ಅಂದರೆ ಕಾಲ ಎಲ್ಲ ಬಿಯರಿಗೂ ಒಂದೇ ಕೆಲಸ ಮಾಡುತ್ತದೆ, ಫಲ ಮಾತ್ರ ಬೇರೆ. ನಿಂಬೆ ಉಪ್ಪಿನಕಾಯಿ ವರ್ಷ ಕಳೆದಂತೆ ಹದಕ್ಕೆ ಬರುತ್ತದೆ, ಅದೇ ಕಪಾಟಿನಲ್ಲಿಟ್ಟ ಶೇಂಗಾ ಚಟ್ನಿಪುಡಿ ಕನರು ವಾಸನೆ ಹಿಡಿಯುತ್ತದೆ. ಯಾವುದು ಯಾವ ಜಾತಿ ಎಂದು ಗುರುತಿಸುವುದೇ ಇಲ್ಲಿ ವಿದ್ಯೆ.

ಗೆಳೆಯರ ಸ್ಟ್ರಾಂಗ್ ಬಿಯರ್ ಎರಡನೆಯ ಜಾತಿ. ನಮ್ಮ ದೇಶದ ನಿಯಮದ ಪ್ರಕಾರ ಶೇ. 5ಕ್ಕಿಂತ ಹೆಚ್ಚು, ಶೇ. 8ರವರೆಗೆ ಆಲ್ಕೋಹಾಲ್ ಇದ್ದರೆ ಅದು ಸ್ಟ್ರಾಂಗ್. ಶೇ. 8 ಇದೆಯಲ್ಲ, ಬೆಲ್ಜಿಯಂ ಬಿಯರಿನ ಹತ್ತಿರ ಬಂತಲ್ಲ ಎಂದು ಅನಿಸುವುದು ಸಹಜ. ಆದರೆ ಆ ಆಲ್ಕೋಹಾಲಿನ ದೊಡ್ಡ ಪಾಲು ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆಯಿಂದ ಬಂದದ್ದು. ಈಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಮಾಗಲು ಬೇಕಾದ ದಟ್ಟ ಮಾಲ್ಟ್ ಇಲ್ಲ, ಕಪ್ಪು ಹುರಿದ ಧಾನ್ಯವಿಲ್ಲ, ಹುಳಿಯಿಲ್ಲ. ಮೇಲಾಗಿ ಅದನ್ನು ಸೋಸಿ, ತುಂಬಿದ ಬಾಟಲಿಯನ್ನೇ ಸುಮಾರು 60 ಡಿಗ್ರಿಗೆ ಕಾಯಿಸಿ ಪಾಶ್ಚರೀಕರಿಸಿರುತ್ತಾರೆ. ಒಳಗೆ ಜೀವಂತ ಈಸ್ಟ್ ಇಲ್ಲ. ಈಸ್ಟ್ ಇಲ್ಲವೆಂದರೆ ಹುದುಗುವಿಕೆ ಇಲ್ಲ, ಹುದುಗುವಿಕೆ ಇಲ್ಲವೆಂದರೆ ಆಲ್ಕೋಹಾಲ್ ಏರುವುದಿಲ್ಲ. ಹತ್ತು ವರ್ಷ ಇಟ್ಟರೂ ಲೇಬಲ್ಲಿನ ಅಂಕಿ ಅಷ್ಟೇ. ಹಳೆಯ ಬಾಟಲಿಯಲ್ಲಿ ಕಿಕ್ ಜಾಸ್ತಿ ಅನಿಸುವುದಕ್ಕೆ ಕಾರಣ, ಕಹಿ ಮತ್ತು ಹಾಪ್ಸ್ ಪರಿಮಳ ಇಳಿದ ಮೇಲೆ ಆಲ್ಕೋಹಾಲಿನ ಖಾರ ಮುಚ್ಚಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಲಾಗರ್ (ಇಲ್ಲಿ ಮಾಮೂಲಾಗಿ ಸಿಗುವ ತಿಳಿ ಬಿಯರ್), ಪಿಲ್ಸ್‌ನರ್, ಗೋಧಿ ಬಿಯರ್, ಹಾಪ್ಸ್ ಜೋರಾಗಿರುವ ಐಪಿಎ ಇವೆಲ್ಲ ತಾಜಾ ಕುಡಿಯಬೇಕಾದವು. ಇಲ್ಲಿನ ಬಾಟಲಿ ಬಿಯರುಗಳ ಮೇಲೆ ಸಾಮಾನ್ಯವಾಗಿ ಆರು ತಿಂಗಳ ಅವಧಿ ಬರೆದಿರುತ್ತದೆ, ಅದು ಸುರಕ್ಷತೆಯ ಗಡುವಲ್ಲ, ರುಚಿಯ ಗಡುವು. ಬ್ರೂವರಿಗಳಲ್ಲಿ ಒಂದು ಸ್ಥೂಲ ಲೆಕ್ಕ ಬಳಕೆಯಲ್ಲಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಈ ಮೂರೂ ಬಿಯರಿಗೆ ಹೆಚ್ಚುಕಡಿಮೆ ಒಂದೇ ಪೆಟ್ಟು. ಏಪ್ರಿಲ್–ಮೇ ತಿಂಗಳಲ್ಲಿ ಗೋದಾಮು, ಲಾರಿ, ಅಂಗಡಿಯ ಅಟ್ಟ ಸುತ್ತಿ ಬಂದ ಬಾಟಲಿಯ ಗತಿ ಏನಾಗಿರಬಹುದೆಂದು ಇದರಿಂದಲೇ ಊಹಿಸಬಹುದು. ಹಾಗಾಗಿ ಕೇಸ್ ತೆಗೆದುಕೊಂಡು ಇಡುವ ಬದಲು ಬೇಕಾದಾಗ ಬೇಕಾದಷ್ಟೇ ತನ್ನಿ. ತಯಾರಿಕೆಯ ತಿಂಗಳು ನೋಡಿ, ಎರಡು ತಿಂಗಳೊಳಗಿನದನ್ನು ಕೇಳಿ. ಗಾಜಿನ ಶೋಕೇಸಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತ ಬಾಟಲಿ ಬೇಡ, ಒಳಗಿನ ಡಬ್ಬದಿಂದ ತೆಗೆಸಿ. ಬೆಳಕು ತಗುಲಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ನಾತದ ವಸ್ತುವಾಗುತ್ತದೆ. ಬಿಸಿಲಾದರೆ ನಿಮಿಷಗಳು ಸಾಕು. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಮತ್ತು ಬಿಳಿ ಗಾಜು ಅಷ್ಟಾಗಿ ತಡೆಯುವುದಿಲ್ಲ. ಕ್ಯಾನ್ ಆದರೆ ಆ ಚಿಂತೆಯೇ ಇಲ್ಲ.

ನಿಮ್ಮ ಆರು ಬಾಟಲಿಗಳ ಕಥೆ ಬೇರೆ. ಮೂರೂ ಬ್ರ್ಯಾಂಡುಗಳು ಬೆಲ್ಜಿಯಂನ ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠಗಳವು. ಮೂರರಲ್ಲೂ ಬಾಟಲಿಯೊಳಗೇ ಈಸ್ಟ್ ಜೀವಂತವಾಗಿರುತ್ತದೆ. ತುಂಬುವಾಗ ಒಂದಿಷ್ಟು ಸಕ್ಕರೆ, ಈಸ್ಟ್ ಸೇರಿಸಿ ಮುಚ್ಚುತ್ತಾರೆ, ಒಳಗೇ ಎರಡನೇ ಸಲ ಹುದುಗು ಬಂದು ನೊರೆ ಹುಟ್ಟುತ್ತದೆ. ಆ ಈಸ್ಟ್ ಉಳಿದ ಆಕ್ಸಿಜನ್ನನ್ನೂ ಹೀರಿಕೊಳ್ಳುವುದರಿಂದ ಹಳಸುವ ಕೆಲಸ ತಡವಾಗುತ್ತದೆ. ತಳದಲ್ಲಿ ಕಾಣುವ ಕಂದು ಗಸಿ ಇದೇ. ಅದನ್ನು ನೋಡಿ ಕೆಟ್ಟಿದೆ ಎಂದು ಚೆಲ್ಲಿಬಿಡಬೇಡಿ.

ಬಿಯರ್ ಮಾಗುವ ಯೋಗ್ಯತೆ ಪಡೆಯಬೇಕಾದರೆ ಕೆಲವು ಗುಣಗಳು ಕೂಡಿ ಬರಬೇಕು. ಆಲ್ಕೋಹಾಲ್ ಶೇ. 8–9ರ ಮೇಲಿರುವುದು, ಮಾಲ್ಟ್ ದಟ್ಟವಾಗಿರುವುದು, ಬಣ್ಣ ಗಾಢವಾಗಿರುವುದು, ಇಲ್ಲವೇ ಹುಳಿ ಇರುವುದು. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ ಎಲ್ಡ್ರಿಜ್ ಪೋಪ್ ಬ್ರೂವರಿ 1968ರಲ್ಲಿ ತಂದ ಥಾಮಸ್ ಹಾರ್ಡಿಸ್ ಏಲ್ ಈ ಗುಂಪಿನ ಹೆಸರಾಂತ ಉದಾಹರಣೆ. ಅದು ಬಾರ್ಲಿ ವೈನ್ ಎಂಬ ಬಗೆ, ಸುಮಾರು ಶೇ. 12. ಇಪ್ಪತ್ತೈದು ವರ್ಷ ಇಡಬಹುದೆಂದು ಬ್ರೂವರಿಯೇ ಹೇಳಿಕೊಂಡಿತ್ತು. ಆಲ್ಕೋಹಾಲ್ ಒಂದೇ ಕಾರಣವಲ್ಲ ಎಂಬುದಕ್ಕೆ ಬ್ರಸೆಲ್ಸ್ ಸುತ್ತಲಿನ ಗ್ಯೂಜ್ ಸಾಕ್ಷಿ. ಒಂದು, ಎರಡು, ಮೂರು ವರ್ಷ ಪೀಪಾಯಿಯಲ್ಲಿ ಕಳೆದ ಲ್ಯಾಂಬಿಕ್ ಎಂಬ ಹುಳಿ ಬಿಯರ್‌ಗಳನ್ನು ಬೆರೆಸಿ ಮಾಡುವ ಈ ಬಿಯರಿನಲ್ಲಿ ಆಲ್ಕೋಹಾಲ್ ಶೇ. 5–7 ಅಷ್ಟೇ. ಆದರೂ ಅದರ ಹುಳಿ ಮತ್ತು ಬ್ರೆಟನೋಮೈಸಿಸ್ ಎಂಬ ಕಾಡು ಈಸ್ಟ್ ಅದನ್ನು ಹತ್ತು ವರ್ಷಕ್ಕೂ ಮೀರಿ ಕಾಯುತ್ತವೆ.

ಇನ್ನು ಒಂದೊಂದೇ ಬಾಟಲಿ. ರೋಶ್‌ಫೋರ್ 10, ಶೇ. 11.3. ಆರರಲ್ಲಿ ಇದಕ್ಕೆ ಆಯುಷ್ಯ ಹೆಚ್ಚು. ತಾಜಾ ಇದ್ದಾಗ ಆಲ್ಕೋಹಾಲ್ ಸ್ವಲ್ಪ ಗಂಟಲು ಸುಡುತ್ತದೆ. ಎರಡು-ಮೂರು ವರ್ಷಕ್ಕೆ ಆ ಖಾರ ತಗ್ಗಿ ಅಂಜೂರ, ಖರ್ಜೂರ, ಕಪ್ಪು ಬೆಲ್ಲದ ರುಚಿ ಒಂದಕ್ಕೊಂದು ಬೆರೆಯುತ್ತವೆ. ಶಿಮೆ ಬ್ಲೂ, ಶೇ. 9. ಇದೂ ಮಾಗುತ್ತದೆ, ಆದರೆ ತಾಜಾ ಇದ್ದಾಗಿನ ಮಸಾಲೆ ವಾಸನೆ, ಜೋರಾದ ನೊರೆ ಎರಡನ್ನೂ ಕಳೆದುಕೊಂಡು ಮಾಗುತ್ತದೆ. ಅದನ್ನು ಹೊಸದಾಗಿಯೇ ಮೆಚ್ಚುವವರು ಬಹಳ, ನನ್ನ ಒಲವೂ ಆ ಕಡೆಗೇ.

ಓರ್ವಾಲ್ ವಿಚಿತ್ರ ಬಿಯರ್. ಆಲ್ಕೋಹಾಲ್ ಶೇ. 6.2 ಮಾತ್ರ, ಬಣ್ಣ ಕಿತ್ತಳೆ, ಹಾಪ್ಸ್ ಪರಿಮಳ ಜೋರು. ಲೆಕ್ಕದ ಪ್ರಕಾರ ಬೇಗ ಮುಗಿಸಬೇಕಾದ ಬಿಯರ್. ಆದರೆ ಬಾಟಲಿಗೆ ಬ್ರೆಟನೋಮೈಸಿಸ್ ಸೇರಿಸುತ್ತಾರೆ. ಮಾಮೂಲಿ ಈಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಅದು ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಆರು ತಿಂಗಳವರೆಗೆ ಹಾಪ್ಸ್ ಮುಂದೆ, ಆಮೇಲೆ ಚರ್ಮದ, ಒಣಹುಲ್ಲಿನ ವಾಸನೆ ಮುಂದೆ. ಆಲ್ಕೋಹಾಲ್ ಬಾಟಲಿಯಲ್ಲಿ ಏರುವುದೇ ಇಲ್ಲ ಎಂಬ ಮಾತಿಗೆ ಇದೊಂದು ಅಪವಾದ: ಓರ್ವಾಲ್‌ನಲ್ಲಿ ಅದು ಸ್ವಲ್ಪ ಏರುತ್ತದೆ, ಅದರ ಜೊತೆಗೆ ಒಳಗಿನ ಒತ್ತಡವೂ ಏರುತ್ತದೆ. ಲೇಬಲ್ ಮೇಲೆ ಬಾಟಲಿ ತುಂಬಿದ ದಿನ, ಅದರಿಂದ ಐದು ವರ್ಷದ ಗಡುವು, ಎರಡೂ ಅಚ್ಚಾಗಿರುತ್ತವೆ. ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಓದಿ. ಅಣ್ಣ ಕೊಳ್ಳುವ ಹೊತ್ತಿಗೇ ಎಷ್ಟು ತಿಂಗಳಾಗಿತ್ತೆಂದು ಅಲ್ಲಿಂದ ತಿಳಿಯುತ್ತದೆ.

ಆ ಐದು ವರ್ಷ ಎಂಬ ಮಾತು ಹುಟ್ಟಿದ್ದು 12 ಡಿಗ್ರಿಯ ನೆಲಮಾಳಿಗೆಯಲ್ಲಿ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಬಿಯರ್ ಹಳಸುವ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ನಿಮ್ಮ ಮಹಡಿ ಮನೆಯ ಕಪಾಟಿನ ವರ್ಷದ ಸರಾಸರಿ 27 ಎಂದೇ ಹಿಡಿಯೋಣ. ವ್ಯತ್ಯಾಸ 15 ಡಿಗ್ರಿ, ವೇಗ ಸುಮಾರು ಮೂರರಿಂದ ಐದು ಪಟ್ಟು. ಅಲ್ಲಿನ ಐದು ವರ್ಷ ಇಲ್ಲಿ ಒಂದೂವರೆ ವರ್ಷದ ಸುತ್ತಮುತ್ತ ಮುಗಿದುಹೋಗುತ್ತದೆ. ಹಾಗಾದರೆ ಬೇಗ ಮಾಗಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಶಾಖಕ್ಕೆ ಎಲ್ಲ ಬದಲಾವಣೆಗಳೂ ಒಂದೇ ಅಳತೆಯಲ್ಲಿ ವೇಗ ಪಡೆಯುವುದಿಲ್ಲ. ರಟ್ಟಿನ ರುಚಿ ಮುಂದೋಡುತ್ತದೆ, ಒಣಹಣ್ಣಿನ ರುಚಿ ಹಿಂದೆ ಬೀಳುತ್ತದೆ. ಜೊತೆಗೆ ಈಸ್ಟ್ ಕಣಗಳು ಸತ್ತು ಒಡೆಯುತ್ತವೆ, ಆಗ ಸೋಯಾ ಸಾಸ್, ಬೇಯಿಸಿದ ಮಾಂಸದ ರುಚಿ ಬರುತ್ತದೆ. ಒಡೆದ ಈಸ್ಟಿನಿಂದ ಹೊರಬಿದ್ದ ಕಿಣ್ವ ನೊರೆ ಕಟ್ಟುವ ಪ್ರೋಟೀನನ್ನೂ ತಿಂದುಹಾಕುತ್ತದೆ. ಗ್ಲಾಸಿಗೆ ಸುರಿದಾಗ ನೊರೆ ನಿಲ್ಲದ ಹಳೆಯ ಬಿಯರಿನ ಹಿಂದೆ ಹೆಚ್ಚಾಗಿ ಇದೇ ಕಾರಣ. ಓರ್ವಾಲ್ ಆದರೆ ಕಾದ ಕೋಣೆಯಲ್ಲಿ ಒತ್ತಡ ಹೆಚ್ಚಿ, ತೆಗೆದೊಡನೆ ಅರ್ಧ ಬಿಯರ್ ನೆಲಕ್ಕೆ ಉಕ್ಕಬಹುದು.

ಹಾಗಾದರೆ ಎಲ್ಲಿಡುವುದು? ಆರೇ ಬಾಟಲಿಗೆ ಮನೆಯ ಫ್ರಿಜ್ಜೇ ಸಾಕು. ಬಾಗಿಲಿನ ಕಪಾಟಿನಲ್ಲಿ ಬೇಡ, ಅಲ್ಲಿ ತೆಗೆದು ಹಾಕಿದಾಗಲೆಲ್ಲ ಉಷ್ಣತೆ ಏರಿಳಿಯುತ್ತದೆ, ಗಸಿಯೂ ಕದಡುತ್ತದೆ. ಕೆಳಗಿನ ತಟ್ಟೆಯಲ್ಲಿ, ಹಿಂಬದಿಗೆ, ನೆಟ್ಟಗೆ ನಿಲ್ಲಿಸಿ. ವೈನ್ ಮಲಗಿಸುವುದು ಕಾರ್ಕ್ ಒಣಗದಿರಲಿ ಎಂದು. ನಿಮ್ಮವು ಲೋಹದ ಮುಚ್ಚಳದವು, ಮಲಗಿಸಿದರೆ ಗಸಿ ಪಕ್ಕಕ್ಕೆ ಅಂಟುವುದು ಬಿಟ್ಟು ಬೇರೆ ಲಾಭವಿಲ್ಲ. ಒಂದೊಂದಕ್ಕೂ ಪೇಪರ್ ಸುತ್ತಿ, ಮೇಲೆ ಹೆಸರು, ಇಟ್ಟ ತಿಂಗಳು ಬರೆಯಿರಿ. ಫ್ರಿಜ್ಜಿನ 4–5 ಡಿಗ್ರಿಯಲ್ಲಿ ಮಾಗುವುದು ಬಹಳ ನಿಧಾನ, ಅದೊಂದೇ ಕೊರತೆ. ಆದರೆ ಕೆಡುವ ಭಯ ಅತಿ ಕಡಿಮೆ. ನಮ್ಮ ಹವೆಯಲ್ಲಿ ಈ ವಿನಿಮಯ ಲಾಭದ್ದೇ.

ಮುಂದೆ ಇದೇ ಹವ್ಯಾಸವಾಗಿ ಬಾಟಲಿ ಸೇರಿಸುವ ಯೋಚನೆ ಇದ್ದರೆ 12 ಡಿಗ್ರಿಯ ಜಾಗ ಮಾಡಿಕೊಳ್ಳಬೇಕು. ವೈನ್ ಕೂಲರ್ ಕೊಳ್ಳುವವರು ಒಂದು ವಿಷಯದಲ್ಲಿ ಮೋಸ ಹೋಗುತ್ತಾರೆ. ಕಡಿಮೆ ಬೆಲೆಯವು ಹೆಚ್ಚಾಗಿ ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಬಗೆ. ಅವು ಕೋಣೆಗಿಂತ ಒಂದಿಷ್ಟು ಡಿಗ್ರಿ ಮಾತ್ರ ಇಳಿಸಬಲ್ಲವು, ಹದಿನೈದರ ಆಸುಪಾಸು ಎಂದುಕೊಳ್ಳಿ. ಹುಬ್ಬಳ್ಳಿಯ ಮೇ ತಿಂಗಳಲ್ಲಿ ಕೋಣೆ 35 ದಾಟಿದರೆ ಒಳಗೆ 20ರ ಕೆಳಗೆ ಇಳಿಯುವುದೇ ಇಲ್ಲ, ಫ್ಯಾನ್ ಮಾತ್ರ ಹಗಲೂ ರಾತ್ರಿ ತಿರುಗುತ್ತಿರುತ್ತದೆ. ಅದಕ್ಕಿಂತ ಹಳೆಯ ಸಿಂಗಲ್ ಡೋರ್ ಫ್ರಿಜ್ ಒಂದು, ಹೊರಗಿನಿಂದ ಜೋಡಿಸುವ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಒಂದು ಸಾಕು. ಕಂಟ್ರೋಲರಿನ ಸೆನ್ಸರ್ ತುದಿಯನ್ನು ಗಾಳಿಯಲ್ಲಿ ನೇತುಬಿಡದೆ ನೀರು ತುಂಬಿದ ಬಾಟಲಿಗೆ ಟೇಪ್ ಹಚ್ಚಿ ಅಂಟಿಸಿ, ಆಗ ಬಿಯರಿನ ನಿಜವಾದ ಉಷ್ಣತೆಯೇ ಸಿಗುತ್ತದೆ. 12 ಡಿಗ್ರಿ, ಏರಿಳಿತ 1 ಡಿಗ್ರಿ, ಕಂಪ್ರೆಸರ್ ಮತ್ತೆ ಶುರುವಾಗಲು 5 ನಿಮಿಷದ ವಿರಾಮ ಎಂದು ಹೊಂದಿಸಿ. ವಿರಾಮ ಇಡದಿದ್ದರೆ ಮೇಲಿಂದ ಮೇಲೆ ಆನ್-ಆಫ್ ಆಗಿ ಕಂಪ್ರೆಸರ್ ಸುಟ್ಟುಹೋಗುತ್ತದೆ. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ತುಂಬಿದರೆ ಕರೆಂಟ್ ನಾಲ್ಕೈದು ತಾಸು ಹೋದರೂ ಒಳಗಿನ ತಂಪು ಬೇಗ ಬಿಡುವುದಿಲ್ಲ. ಮಳೆಗಾಲದಲ್ಲಿ ಒಳಗೆ ನೀರು ಕೂಡಿಕೊಂಡು ಮುಚ್ಚಳ ತುಕ್ಕು ಹಿಡಿಯುತ್ತದೆ, ಸಿಲಿಕಾ ಜೆಲ್ ಡಬ್ಬಿ ಇಟ್ಟು ತಿಂಗಳಿಗೊಮ್ಮೆ ಒಣಗಿಸಿ.

ಫ್ರಿಜ್ಜಿನಿಂದ ಒಮ್ಮೆ ಹೊರಗೆ ಬಂದ ಬಿಯರನ್ನು ಮತ್ತೆ ಒಳಗಿಟ್ಟರೆ ಕೆಡುತ್ತದೆ ಎಂಬ ಮಾತು ಕೇಳಿರುತ್ತೀರಿ. ಒಳಗೆ-ಹೊರಗೆ ಹೋದದ್ದರಿಂದ ಕೆಡುವುದಿಲ್ಲ, ಹೊರಗೆ ಬಿಸಿಯಲ್ಲಿ ಒಟ್ಟು ಎಷ್ಟು ದಿನ ಕಳೆಯಿತು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಅಣ್ಣನ ಬ್ಯಾಗಿನಲ್ಲಿ ಬಂದ ಬಾಟಲಿಗಳನ್ನು ಈಗಲೇ ಒಳಗಿಡಲು ಹಿಂಜರಿಯಬೇಡಿ.

ಕುಡಿಯುವ ಕ್ರಮ ನಾನಾದರೆ ಹೀಗೆ ಹಾಕಿಕೊಳ್ಳುತ್ತೇನೆ. ಒಂದು ವಾರ ನೆಟ್ಟಗೆ ನಿಲ್ಲಿಸಿ, ಗಸಿ ಇಳಿದ ಮೇಲೆ ಒಂದು ಶಿಮೆ ಈಗಲೇ ತೆಗೆಯಿರಿ. ತಾಜಾ ರುಚಿ ಗೊತ್ತಿಲ್ಲದೆ ಮಾಗಿದ್ದರ ಬೆಲೆ ತಿಳಿಯುವುದಿಲ್ಲ. ಎರಡು ಸಾಲು ಬರೆದಿಡಿ: ವಾಸನೆ, ಕಹಿ, ಸಿಹಿ, ನೊರೆ ಎಷ್ಟು ಹೊತ್ತು ನಿಂತಿತು. ಓರ್ವಾಲ್ ಒಂದೇ ಇರುವುದರಿಂದ ಆರು ತಿಂಗಳೊಳಗೆ ಮುಗಿಸಿ. ಎರಡನೇ ಶಿಮೆ ವರ್ಷಕ್ಕೆ, ಮೂರನೆಯದು ಎರಡು ವರ್ಷಕ್ಕೆ. ರೋಶ್‌ಫೋರ್ ಒಂದನ್ನು ವರ್ಷದೊಳಗೆ, ಇನ್ನೊಂದನ್ನು ಮೂರು ವರ್ಷಕ್ಕೆ. ವರ್ಷದ ಬಾಟಲಿಯಲ್ಲೇ ರಟ್ಟಿನ ರುಚಿ ಸಿಕ್ಕರೆ ಉಳಿದವನ್ನು ತಡಮಾಡದೆ ಕುಡಿದುಬಿಡಿ, ಆ ರುಚಿ ಮುಂದೆ ಹೋಗಿ ಸರಿಯಾಗುವುದಿಲ್ಲ. ಇವನ್ನು ನಮ್ಮ ಲಾಗರಿನಂತೆ ಐಸ್ ಕೋಲ್ಡ್ ಕುಡಿಯಬಾರದು. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಬಿಟ್ಟು, 10–12 ಡಿಗ್ರಿಗೆ ಬಂದಾಗ, ಅಗಲ ಬಾಯಿಯ ಗ್ಲಾಸಿಗೆ ಒಂದೇ ಸಮನೆ ನಿಧಾನವಾಗಿ ಸುರಿಯಿರಿ. ತಳದ ಒಂದು ಬೆರಳಿನಷ್ಟು ಗಸಿ ಬಾಟಲಿಯಲ್ಲೇ ಬಿಡಿ. ಕುಡಿದರೂ ಅಪಾಯವಿಲ್ಲ, ಕೆಲವರಿಗೆ ಹೊಟ್ಟೆ ಸಡಿಲವಾಗುತ್ತದೆ ಅಷ್ಟೇ. ಶೇ. 11ರ ಒಂದು ಸಣ್ಣ ಬಾಟಲಿ ಎಂದರೆ ಶೇ. 5ರ ಒಂದು ದೊಡ್ಡ 650 ಎಂಎಲ್ ಬಾಟಲಿಗಿಂತ ಹೆಚ್ಚು ಆಲ್ಕೋಹಾಲ್, ಇಬ್ಬರು ಹಂಚಿಕೊಳ್ಳುವುದು ವಾಸಿ.

ಕಪಾಟಿನಲ್ಲಿ ಸಿಕ್ಕ ಎರಡು ಬಾಟಲಿ ವಿಷವಾಗಿಲ್ಲ. ಬಿಯರಿನ ಆಲ್ಕೋಹಾಲ್, 4ರಿಂದ 4.5ರ ಪಿಎಚ್ ಹುಳಿ, ಹಾಪ್ಸ್, ಕಾರ್ಬನ್ ಡೈಆಕ್ಸೈಡ್ ಇವು ಕೂಡಿ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಹಳೆಯದಾದರೆ ಮೆಥನಾಲ್ ಆಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಮೆಥನಾಲ್ ದುರಂತಗಳು ಕಳ್ಳಭಟ್ಟಿ, ಕಲಬೆರಕೆ ಮದ್ಯದಿಂದ ಆಗುವಂಥವು. ಆದರೆ ಒಂದು ಇಡೀ ಬೇಸಿಗೆ ದಾಟಿದ ಲಾಗರಿನಲ್ಲಿ ಕುಡಿಯುವಂಥದ್ದು ಏನೂ ಉಳಿದಿರುವುದಿಲ್ಲ, ಚೆಲ್ಲಿದರೆ ನಷ್ಟವಿಲ್ಲ. ಮುಚ್ಚಳ ತುಕ್ಕು ಹಿಡಿದು ಸೋರಿದ್ದರೆ, ತೆಗೆದಾಗ ಹುಚ್ಚಾಗಿ ಉಕ್ಕಿದರೆ, ಮೇಲೆ ಕೆನೆ ಕಟ್ಟಿದ್ದರೆ, ಹುಳಿಯಿರಬಾರದ ಬಿಯರ್ ಹುಳಿ ಬಂದಿದ್ದರೆ ರುಚಿ ನೋಡುವ ಗೋಜಿಗೂ ಹೋಗಬೇಡಿ.

ಕಾನೂನಿನ ಒಂದು ಮಾತು. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ನಿಮ್ಮ ಆರು ಬಾಟಲಿ 1.98 ಲೀಟರ್, ಅಣ್ಣ ಲೆಕ್ಕ ಹಾಕಿಯೇ ತಂದಂತಿದೆ. ಗೋವಾದಿಂದ ಪರವಾನಿಗೆ ಇಲ್ಲದೆ ಬಾಟಲಿ ತರಿಸಿ ಸಂಗ್ರಹ ಬೆಳೆಸುವ ಯೋಚನೆ ಬೇಡ, ಗಡಿಯ ಚೆಕ್‌ಪೋಸ್ಟಿನಲ್ಲಿ ಅದು ಅಪರಾಧ. ಮನೆಯಲ್ಲಿ ಇಟ್ಟುಕೊಳ್ಳಲೂ ಅಬಕಾರಿ ಮಿತಿ ಇದೆ, ಬಾಟಲಿಗಳ ಸಂಖ್ಯೆ ಬೆಳೆಯುವ ಮುನ್ನ ನಿಮ್ಮ ವಲಯದ ಅಬಕಾರಿ ಕಚೇರಿಯಲ್ಲಿ ಈಗಿನ ಪ್ರಮಾಣ ಕೇಳಿಕೊಳ್ಳಿ. ಮಾಗಿದ ಬಾಟಲಿಗೆ ಯಾರಾದರೂ ಒಳ್ಳೆಯ ಬೆಲೆ ಕೊಡುತ್ತೇನೆಂದರೂ ಮಾರುವಂತಿಲ್ಲ, ಲೈಸೆನ್ಸ್ ಇಲ್ಲದೆ ಒಂದು ಬಾಟಲಿ ಮಾರಿದರೂ ಕೇಸಾಗುತ್ತದೆ.